ತಿಪ್ಪವ್ವನ ಮನೆಮುಂದಿನ ಹಾಡು

ಸವಣೂರು
೮ ಜುಲೈ ೧೯೫೭

ಚಿರಂಜೀವಿ ವಿಠ್ಠಲನಿಗೆ ಇಂದಿರಾ ಅತ್ತೆಯ ಆಶೀರ್ವಾದಗಳು.

ಆಶೀರ್ವಾದವನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದೆ ಬರೆಯುವುದರಲ್ಲಿ ಅದಕ್ಕೆ ಜಾಗ ಸಿಗುವ ಹಾಗೆ ಕಾಣುವುದಿಲ್ಲ. ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪನ ಮೊಣಕಾಲು ಮಳೆ ಬರುವುದನ್ನು ಪಂಚಾಂಗಕ್ಕಿಂತ ಮೊದಲೇ ಹೇಳಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಬಳೆ ಮಾರುವ ಖತೀಜಾಬಿ ನಿನ್ನೆ ರಟ್ಟೀಹಳ್ಳಿ ಸಂತೆ ಮುಗಿಸಿಕೊಂಡು ಬಂದಳು. ಬುಟ್ಟಿ ಇಳಿಸುವ ಮೊದಲೇ, "ಬಾಯಾರ, ನಿಮ್ಮ ಸಣ್ಣಕೊಪ್ಪದಾಗ ಗುದ್ಲೆಪ್ಪಜ್ಜ ತೀರಿಕೊಂಡ್ರು. ಮೂರನೇ ದಿನಾ ಸಾಲಿ ಹುಡುಗ್ರು ಹಾಡಾಕ ಬರಲೇ ಇಲ್ರಿ. ಮನಿ ಮಂದಿ ಕಟ್ಟಿ ಮ್ಯಾಲ ಕುಂತು ಕಾದ ಕಾದ ಒಳಗ ಹ್ವಾದ್ರು," ಎಂದಳು. ನಾನು ನಂಬಲಿಲ್ಲ. ನಮ್ಮ ವಿಠ್ಠಲ ಅಲ್ಲಿ ಮಾಸ್ತರನಾಗಿರುವಾಗ ಹಾಗೆ ಆಗುವುದಿಲ್ಲ ಎಂದೆ. ಆಕೆ ನಕ್ಕಳು. "ನಿಮ್ಮ ವಿಠ್ಠಲ ಮಾಸ್ತರ್ರ ಬ್ಯಾಡ ಅಂದಾರಂತ್ರಿ," ಎಂದಳು.

ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಕೇಳು. ನಿನ್ನ ಮಾವನವರು, ನಮ್ಮ ಯಜಮಾನರು, ಅದೇ ಶಾಲೆಯಲ್ಲಿ ಹದಿನಾರು ವರ್ಷ ಮಾಸ್ತರರಾಗಿದ್ದರು. ಕಾಲರಾ ಬಂದ ವರ್ಷ ಹನ್ನೊಂದು ಮನೆಗಳಲ್ಲಿ ಸಾವಾಯಿತು. ಹೆದರಿಕೆಗೆ ಯಾರೂ ಯಾರ ಹೊಸಿಲನ್ನೂ ತುಳಿಯಲಿಲ್ಲ. ಆಗ ಶಾಲೆಯ ಹುಡುಗರೇ ಬಂದು, "ನಾವು ಹೊರಗ ದೂರ ನಿಂತು ಹಾಡ್ತೇವ್ರಿ, ಒಂದು ಹಾಡು ಕೊಡ್ರಿ," ಎಂದು ಕೇಳಿದರು. ನಾನು ಒಲೆಯ ಮುಂದೆ ಕುಳಿತು ಕಟ್ಟಿಕೊಟ್ಟೆ. ದೊಡ್ಡ ಕವಿತೆಯೇನಲ್ಲ.

ಬಂದವರೆಲ್ಲ ಹೊರಡಲೆ ಬೇಕು, ಹೊರಟವರ ಕೈ ಹಿಡಿ ಶಿವನೆ,
ಮುಂದಿನ ದಾರಿಗೆ ಬೆಳಕನು ತೋರು, ಉಳಿದವರ ಕಾಯೊ ಗುರುವೆ.

ಮೊದಲು 'ಹರಿಯೆ' ಎಂದು ಬರೆದಿದ್ದೆ. ಆ ಊರಿನ ದೇವರು ಶಿವನೆಂದು ಅದನ್ನು ಹೊಡೆದುಹಾಕಿ 'ಶಿವನೆ' ಎಂದು ಬರೆದೆ. ಅದಕ್ಕಾಗಿ ನಮ್ಮವರ ಓಣಿಯಲ್ಲಿ ಎಷ್ಟು ಜನ ನನ್ನನ್ನು ಆಡಿಕೊಂಡರು ಎಂಬುದು ನಿನಗೆ ಗೊತ್ತು. ಅಂದಿನಿಂದ ಸಣ್ಣಕೊಪ್ಪದಲ್ಲಿ ಯಾರು ಸತ್ತರೂ, ಬಡವರಿರಲಿ ಗೌಡರಿರಲಿ, ಮೂರನೇ ದಿನ ಹುಡುಗರು ಅವರ ಮನೆಯ ಮುಂದೆ ನಿಂತು ಇದನ್ನು ಹಾಡಿದ್ದಾರೆ. ಮನೆಯವರು ಕಟ್ಟೆಯ ಮೇಲೆ ಕುಳಿತು ಕೇಳುತ್ತಾರೆ. ಅತ್ತು ಹಗುರಾಗುತ್ತಾರೆ.

ಇದನ್ನು ಬಿಡಿಸಿ ನೀನು ಮೊಲದ ಹಾಡು ಕಲಿಸುತ್ತೀಯಂತೆ. ತಲೆಯ ಮೇಲೆ ಕೈಗಳನ್ನು ಕಿವಿಯ ಹಾಗೆ ಇಟ್ಟುಕೊಂಡು ಮಾಸ್ತರರೂ ಕುಪ್ಪಳಿಸುತ್ತಾರಂತೆ! ಆ ಊರವರಿಗೆ ಮೊಲ ಅಂದರೆ ಶೇಂಗಾ ಹೊಲ ಹಾಳುಮಾಡುವ ಪ್ರಾಣಿ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ನಿನ್ನ ಕೈಗೆ ದೊಣ್ಣೆ ಕೊಟ್ಟವರು ಯಾರು? ಉತ್ತರ ಬರೆ.

ಇಂದಿರಾಬಾಯಿ


ಸಣ್ಣಕೊಪ್ಪ
೧೬ ಜುಲೈ ೧೯೫೭

ಅತ್ತೆಯವರಿಗೆ ವಿಠ್ಠಲನ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಹೆದರಿಕೆಯಾಯಿತು, ಎರಡನೇ ಸಲ ಸಿಟ್ಟು ಬಂತು. ಸಿಟ್ಟು ಬಂದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮಾವನವರ ಹೆಸರಿಗೆ ಕುಂದು ತರುವ ಉದ್ದೇಶ ನನಗಿಲ್ಲ. ಆದರೆ ನಾನು ಕಂಡದ್ದನ್ನು ನೀವು ಕಂಡಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಫಕ್ಕೀರವ್ವನ ಮಗ ಹಾವು ಕಡಿದು ಸತ್ತ. ಊರ ಪದ್ಧತಿಯೆಂದು ನಾನೂ ಹುಡುಗರನ್ನು ಸಾಲು ಹಚ್ಚಿ ಕರೆದುಕೊಂಡು ಹೋದೆ. ಫಕ್ಕೀರವ್ವ ಎದೆ ಎದೆ ಬಡಿದುಕೊಂಡು ಹೊರಗೆ ಬಂದಳು. ಮೊದಲ ಇಯತ್ತೆಯ ಚಂದ್ರಪ್ಪ, ಐದು ವರ್ಷದ ಹುಡುಗ, ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಎಂಟು ದಿನ ಶಾಲೆಗೆ ಬರಲಿಲ್ಲ. ನಿದ್ದೆಯಲ್ಲಿ ಕಿರುಚುತ್ತಾನೆಂದು ಅವನ ತಾಯಿ ನನ್ನ ಮುಂದೆ ಅತ್ತಳು. ಹಾಡಿದ್ದು ಅವನು, ಹಗುರಾದದ್ದು ದೊಡ್ಡವರು. ಇದು ಯಾವ ನ್ಯಾಯ?

ಮಗು ಅಂದರೆ ಕುಳ್ಳಗಿರುವ ದೊಡ್ಡ ಮನುಷ್ಯ ಅಲ್ಲ, ಅದರ ಲೋಕವೇ ಬೇರೆ ಎಂದು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಕಲಿಸಿದ್ದಾರೆ. ಆ ಲೋಕದಲ್ಲಿ ಮೊಲ ಇರಬೇಕು, ಗಿಣಿ ಇರಬೇಕು, ಆಟ ಇರಬೇಕು. ಹೆಣ, ಹೊರಡುವುದು, ಮುಂದಿನ ದಾರಿ ಇವೆಲ್ಲ ಯಾಕೆ? ಅದಕ್ಕೆಲ್ಲ ಮುಂದೆ ಬೇಕಾದಷ್ಟು ವರ್ಷಗಳಿವೆ. ಹೋದ ವಾರ ಡಿಪೋಟಿ ಸಾಹೇಬರು ಶಾಲೆಯ ತಪಾಸಣೆಗೆ ಬಂದು ಮೊಲದ ಹಾಡು ನೋಡಿ ಬಹಳ ಖುಷಿಪಟ್ಟು ಹೋದರು. ಹೌದು, ನಾನೂ ಕುಪ್ಪಳಿಸುತ್ತೇನೆ. ಅದರಲ್ಲಿ ನನಗೆ ನಾಚಿಕೆಯಿಲ್ಲ.

ಹುಡುಗರೆಲ್ಲ ಹೊಸ ಹಾಡಿಗೆ ಒಗ್ಗಿಕೊಂಡಿದ್ದಾರೆ. ಮೂರನೇ ಇಯತ್ತೆಯ ಹೊಳೆವ್ವ ಒಬ್ಬಳೇ ತಕರಾರು. ಹೊಳಬಸಪ್ಪನ ಮಗಳು, ಎಂಟು ವರ್ಷದವಳು. ಶಾಲೆಗೆಲ್ಲ ಅವಳದೇ ಚಂದದ ಕಂಠ. ಅವಳ ತಾಯಿ ತಿಪ್ಪವ್ವನ ನೆನಪು ನಿಮಗಿರಬಹುದು, ಈಗ ಹೆರಿಗೆಗೆಂದು ಹಾನಗಲ್ ಕಡೆಯ ತವರಿಗೆ ಹೋಗಿದ್ದಾಳೆ. ಮೊಲದ ಹಾಡು ಶುರುವಾದರೆ ಈ ಹುಡುಗಿ ಕೈ ಕಟ್ಟಿಕೊಂಡು ನಿಲ್ಲುತ್ತಾಳೆ, ಬಾಯಿ ಬಿಡುವುದಿಲ್ಲ. ಹಟಮಾರಿ. ದಾರಿಗೆ ತರುತ್ತೇನೆ.

ಅಪ್ಪನ ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚಿರಿ.

ನಿಮ್ಮ ವಿಠ್ಠಲ


ಸವಣೂರು
೨೭ ಜುಲೈ ೧೯೫೭

ವಿಠ್ಠಲಾ,

ನಿನ್ನ ಪತ್ರ ಬಂದಾಗ ಖತೀಜಾಬಿ ಹಾನಗಲ್ಲಿಗೆ, ತನ್ನ ತಂಗಿಯ ಮನೆಗೆ ಹೋಗಿದ್ದಳು. ಇವತ್ತು ಬಂದಳು. ತಿಪ್ಪವ್ವನ ತವರು ಆ ಕಡೆಯೇ ಅಲ್ಲವೇ ಎಂದು ನಾನು ಖುಷಿಯಿಂದ, "ನಮ್ಮ ತಿಪ್ಪವ್ವಗ ಏನ ಹುಟ್ಟೇದ? ಗಂಡೋ ಹೆಣ್ಣೋ?" ಎಂದು ಕೇಳಿದೆ.

ಆಕೆ ಬಳೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಹೆಣ್ಣು ಹುಟ್ಟೇತ್ರಿ. ಕೂಸು ಚಲೋ ಐತಿ. ತಿಪ್ಪವ್ವ ಕಾರಹುಣ್ಣಿವಿ ಹಿಂದಿನ ದಿನಾನ ಹೋಗ್ಬಿಟ್ಲು ಬಾಯಾರ. ಮುತ್ತೈದಿ ಹೆಣಾ ಅಂತ ಹಸರ ಬಳಿ ಇಡಾಕ ನನ್ನ ಕರದಿದ್ರು. ಕೈ ಸೆಟದಿತ್ತು. ಎರಡು ಬಳಿ ಒಡದ್ವು. ನಿಮಗ ಗೊತ್ತಿರಬೇಕು ಅಂತ ನಾ ಹೇಳಲಿಲ್ರಿ," ಎಂದಳು.

ಕಾರಹುಣ್ಣಿಮೆ ಆಗಿ ಒಂದೂವರೆ ತಿಂಗಳಾಯಿತು. ನಿನ್ನ ಪತ್ರಕ್ಕೆ ಹನ್ನೊಂದು ದಿನವಾಗಿದೆ. ಹೆರಿಗೆಗೆ ಹೋಗಿದ್ದಾಳೆ ಎಂದು ನನಗೆ ಬರೆಯುವಾಗ ನಿನಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿರಲಿಲ್ಲ ಎನ್ನಬೇಡ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಅದೇ ಊರಲ್ಲಿ ಓಡಾಡಿಕೊಂಡಿದ್ದಾನೆ, ಅವನ ಮಗಳು ದಿನಾಲೂ ನಿನ್ನ ಕಣ್ಣ ಮುಂದೆ ಕೂರುತ್ತಾಳೆ.

ತಿಪ್ಪವ್ವ ಯಾರೆಂದು ನಿನಗೆ ಗೊತ್ತೇ? ಹನ್ನೆರಡು ವರ್ಷದವಳು ಆ ಊರಿಗೆ ಸೊಸೆಯಾಗಿ ಬಂದಳು. ಶಾಲೆಗೆ ಬರುವ ಹಾಗಿರಲಿಲ್ಲ. ಹುಡುಗರು ಹಾಡು ಕಲಿಯುವಾಗ ನೀರು ತರುವ ನೆಪ ಮಾಡಿ ಬಂದು, ಕೊಡ ಸೊಂಟದಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನಿಂತು ಕಲಿತಳು. ತಡವಾಯಿತೆಂದು ಅತ್ತೆಯ ಕೈಯಲ್ಲಿ ಪೆಟ್ಟು ತಿಂದದ್ದೂ ಉಂಟು. ಬೀಸುವಾಗ ಅವಳು ಹಾಡಿದರೆ ನಾನು ಕೈಯ ಕೆಲಸ ಬಿಟ್ಟು ಕೇಳುತ್ತಿದ್ದೆ.

ಅವಳ ಮನೆಯ ಮುಂದೆ ಮೂರನೇ ದಿನ ಯಾರು ಹಾಡಿದರು? ಹೊಳೆವ್ವನಿಗೆ ಏನು ಹೇಳಿದ್ದೀರಿ? ಈ ಎರಡಕ್ಕೆ ಉತ್ತರ ಕೊಡು. ಮೊಲದ ಸಮಾಚಾರ ಬೇಡ.

ಇಂದಿರಾಬಾಯಿ


ಸಣ್ಣಕೊಪ್ಪ
೪ ಆಗಸ್ಟ್ ೧೯೫೭

ಅತ್ತೆಯವರಿಗೆ ನಮಸ್ಕಾರಗಳು.

ನಿಮಗೆ ಸುಳ್ಳು ಬರೆದದ್ದು ತಪ್ಪು. ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಹುಡುಗಿಗೆ ಹೇಳದೆ ಇದ್ದದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ಜೂನ್ ತಿಂಗಳಲ್ಲಿ ಹೊಳಬಸಪ್ಪ ಹಾನಗಲ್ ಕಡೆಯಿಂದ ಬಂದವನು ಮನೆಗೆ ಹೋಗದೆ ಮೊದಲು ಶಾಲೆಗೆ ಬಂದ. ಮೈತುಂಬ ಕೆಸರು. "ಮಾಸ್ತರ್ರ, ಆಕಿ ಹ್ವಾದ್ಲು. ಕೂಸಿಗೆ ಹೇಳಬ್ಯಾಡ್ರಿ. ಸಣ್ಣದೈತಿ, ತಡಕೊಳ್ಳಾಂಗಿಲ್ಲ. ಊರಾಗೂ ಯಾರೂ ಬಾಯಿ ಬಿಡದಂಗ ನೋಡ್ರಿ," ಎಂದು ನನ್ನ ಕಾಲು ಹಿಡಿಯಲು ಬಂದ. ಅವನು ಕೇಳದಿದ್ದರೂ ನಾನೇ ಹಾಗೆ ಹೇಳುವವನಿದ್ದೆ. ಚಂದ್ರಪ್ಪನಿಗೆ ಬೇರೆಯವರ ಮನೆಯ ಸಾವಿಗೇ ಹಾಗಾಯಿತು, ಇವಳಿಗೆ ಸ್ವಂತ ತಾಯಿ. ಆ ಹಾಡು ಕಿವಿಗೆ ಬಿದ್ದರೆ ಏನು ನೆನಪಾಗುತ್ತದೋ ಎಂದು ಮರುದಿನದಿಂದಲೇ ಅದನ್ನು ನಿಲ್ಲಿಸಿದೆ. ಅದಕ್ಕೇ ಗುದ್ಲೆಪ್ಪನ ಮನೆಯ ಮುಂದೆ ಹಾಡಲಿಲ್ಲ. ತಿಪ್ಪವ್ವನ ಮನೆಯ ಮುಂದೆಯೂ ಯಾರೂ ಹಾಡಲಿಲ್ಲ.

ಇನ್ನೊಂದು ವಿಷಯವಿದೆ. ನೀವು ಬೇರೆ ಯಾರಿಂದಲೋ ಕೇಳುವ ಮೊದಲು ನಾನೇ ಹೇಳುತ್ತೇನೆ. ಅವ್ವ ಯಾಕೆ ಬರಲಿಲ್ಲ, ಅವ್ವ ಯಾಕೆ ಬರಲಿಲ್ಲ ಎಂದು ಹುಡುಗಿ ಮೊದಮೊದಲು ಅಪ್ಪನನ್ನು ದಿನಾಲೂ ಕೇಳುತ್ತಿದ್ದಳು. ಅದಕ್ಕೆ ತಾಯಿಯ ಪತ್ರಗಳನ್ನು ನಾನು ಬರೆಯುತ್ತಿದ್ದೇನೆ. ತಿಪ್ಪವ್ವನಿಗೆ ಅಕ್ಷರ ಬರುವುದಿಲ್ಲವಲ್ಲ, ಸೋದರಮಾವ ಬರೆದುಕೊಟ್ಟ ಹಾಗೆ, ಅಕ್ಷರ ಬದಲಿಸಿ ಬರೆಯುತ್ತೇನೆ. ಹೊಳಬಸಪ್ಪ ಸಂತೆಯಿಂದ ಬಂದಾಗ ಟಪಾಲು ಬಂತೆಂದು ಅವಳ ಕೈಗೆ ಕೊಡುತ್ತಾನೆ. ಅವಳು ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಓದಿ ಹೇಳುತ್ತಾಳೆ. ಪಂಚಮಿಗೆ ಬರುತ್ತಾಳೆ ಎಂದಿದ್ದೆವು. ಈಗ ವರದಾ ಹೊಳೆ ತುಂಬಿದೆ, ಎಳೆ ಕೂಸನ್ನು ಕಟ್ಟಿಕೊಂಡು ದಾಟಲಿಕ್ಕಾಗುವುದಿಲ್ಲ, ದಸರೆಗೆ ಬರುತ್ತೇನೆ ಎಂದು ಮೂರನೇ ಪತ್ರ ಬರೆದೆ. ದಸರೆಯ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿರುತ್ತದೆ. ಆಗ ನಿಧಾನವಾಗಿ ಹೇಳುವುದು.

ಅವಳು ನೊಂದಿಲ್ಲ, ಅತ್ತೆ. ಅವಳು ಬರೆದ ಉತ್ತರವನ್ನು ಇಲ್ಲಿ ಇಳಿಸುತ್ತೇನೆ, ನೀವೇ ನೋಡಿರಿ. "ಅವ್ವಾ, ನಾ ಚಲೋ ಇದ್ದೇನಿ. ಎಮ್ಮಿ ಈದೈತಿ. ಅಪ್ಪ ಎರಡ ರೊಟ್ಟಿ ತಿಂತಾನ. ನಾನ ಮಾಡ್ತೇನಿ, ಒಂದೊಂದು ಹರೀತೈತಿ. ನೀ ಸಾವಕಾಶ ಬಾ. ಅವಸರ ಮಾಡಬ್ಯಾಡ. ತಂಗಿನ್ನ ಚಂದಂಗ ನೋಡ್ಕೋ." ಎಷ್ಟು ಸಮಾಧಾನ ಇದೆ ನೋಡಿರಿ. ಇದನ್ನು ಕೇಳಿ ಹೊಳಬಸಪ್ಪ ಎಷ್ಟೋ ದಿನಗಳ ಮೇಲೆ ನಕ್ಕ. ನಾನೂ ನಕ್ಕೆ. ಇದನ್ನು ಕೆಡಿಸು ಎನ್ನುತ್ತೀರಾ?

ವಿಠ್ಠಲ


ಸವಣೂರು
೧೦ ಆಗಸ್ಟ್ ೧೯೫೭

ವಿಠ್ಠಲಾ,

ಮೊದಲು ನನ್ನ ತಪ್ಪು. ಐದು ವರ್ಷದ ಕೂಸನ್ನು ಎದೆ ಬಡಿದುಕೊಳ್ಳುವ ತಾಯಿಯ ಮುಂದೆ ನಿಲ್ಲಿಸಬಾರದಿತ್ತು. ನಮ್ಮ ಕಾಲದಲ್ಲೂ ಅಂಥ ಕೂಸುಗಳು ಬರುತ್ತಿದ್ದವು. ನಾನು ಅವರ ಕಂಠ ಕೇಳಿದೆ, ಮುಖ ನೋಡಲಿಲ್ಲ. ಚಂದ್ರಪ್ಪನ ವಿಷಯದಲ್ಲಿ ನೀನು ಹೇಳಿದ್ದು ಸರಿ.

ಆದರೆ ಹೆದರಿದ ಒಂದು ಕೂಸಿನ ಹೆಸರು ಹೇಳಿ ಇನ್ನೊಂದು ಕೂಸಿನ ಕಿವಿಯ ಮೇಲೆ ಹೂವಿಡುವುದಕ್ಕೆ ನಿನಗೆ ಅಧಿಕಾರ ಕೊಟ್ಟವರು ಯಾರು? ಸತ್ತವಳ ಹೆಸರಲ್ಲಿ ಪತ್ರ! ಹೊಳೆ ತುಂಬಿದೆಯಂತೆ, ದಾಟಲಿಕ್ಕಾಗುವುದಿಲ್ಲವಂತೆ!

ನಿನಗೆ ಹೇಳದ ಒಂದು ಮಾತಿದೆ. ಯಾರಿಗೂ ಹೇಳಿಲ್ಲ. ನನ್ನ ತಾಯಿ, ಅಂದರೆ ನಿನ್ನ ಅಜ್ಜಿ, ಹೋದಾಗ ನನಗೆ ಏಳು ವರ್ಷ. ಆಯಿ ಪಂಢರಪುರಕ್ಕೆ ಹೋಗಿದ್ದಾಳೆ, ಬರುತ್ತಾಳೆ ಎಂದು ನನಗೆ ಹೇಳಿದವನು ನಿನ್ನ ಅಪ್ಪ, ನನ್ನ ಅಣ್ಣ. ನಾನು ನಂಬಿದೆ. ಪ್ರತಿ ಆಷಾಢದಲ್ಲಿ ಪಂಢರಪುರದಿಂದ ತಿರುಗಿ ಬರುವ ಭಜನೆಯ ಮಂದಿ ಊರೊಳಗೆ ಬಂದರೆ ಓಡಿಹೋಗಿ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತಿದ್ದೆ. ಆಯಿಯ ತಿಥಿ ಬಂದರೆ ಅಜ್ಜಿಯದೆಂದು ಹೇಳಿ ನನಗೆ ಪಾಯಸ ಬಡಿಸುತ್ತಿದ್ದರು. ನಾಲ್ಕು ವರ್ಷ ಹೀಗೆ. ಹನ್ನೊಂದನೇ ವರ್ಷಕ್ಕೆ ನನ್ನ ಮದುವೆ. ಅಪ್ಪನೂ ಹೋಗಿದ್ದರಿಂದ ಅಣ್ಣನೇ ನಾಂದಿಗೆ ಕುಳಿತ. ಮದುವೆಯ ಮೊದಲು ಮನೆಯಲ್ಲಿ ತೀರಿಕೊಂಡವರನ್ನು ಹೆಸರು ಹಿಡಿದು ಕರೆಯುತ್ತಾರಲ್ಲ, ಪುರೋಹಿತರು ಮೊದಲ ಹೆಸರೇ ಆಯಿಯದು ಕರೆದರು. ನಾನು ಮೈಗೆ ಅರಿಷಿಣ ಹಚ್ಚಿಕೊಂಡು ಕುಳಿತಿದ್ದೆ. ಅಳಬಾರದು, ಶುಭಕಾರ್ಯ ಎಂದು ಬಾಯಿಗೆ ಸೆರಗು ತುರುಕಿದರು.

ಸತ್ತದ್ದಕ್ಕೆ ಸಿಟ್ಟಿಲ್ಲ ವಿಠ್ಠಲಾ. ನಾಲ್ಕು ವರ್ಷ ಇಡೀ ಮನೆಗೆ ಗೊತ್ತಿದ್ದು, ನನ್ನೊಬ್ಬಳಿಗೆ ಗೊತ್ತಿಲ್ಲದೆ, ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರಲ್ಲ, ಆ ಸಿಟ್ಟು ಐವತ್ತು ವರ್ಷವಾದರೂ ಆರಿಲ್ಲ.

ಆ ಹುಡುಗಿಯ ಉತ್ತರ ನಿನಗೆ ಸಮಾಧಾನದ್ದಾಗಿ ಕಂಡಿತೇ? ಎಂಟು ವರ್ಷದ ಮಗಳು ತಾಯಿಗೆ ನಾಳೆಯೇ ಬಾ ಎಂದು ಬರೆಯುತ್ತಾಳೆ. ಅವಸರ ಮಾಡಬೇಡ ಎಂದು ಬರೆಯುವುದಿಲ್ಲ. ನನಗೆ ಆ ಸಾಲು ಸರಿಯಾಗಿ ಕಾಣಲಿಲ್ಲ. ಹೋಗು, ಅವಳ ಎದುರು ಕುಳಿತು, ಕಣ್ಣು ನೋಡಿ ಹೇಳು. ನೀನು ಹೇಳದಿದ್ದರೆ ನಾನು ಬಸ್ಸು ಹತ್ತಿ ಬರುತ್ತೇನೆ.

ಇಂದಿರಾಬಾಯಿ


ಸವಣೂರು
೨೮ ಆಗಸ್ಟ್ ೧೯೫೭
(ಕಾರ್ಡು)

ಹದಿನೆಂಟು ದಿನವಾಯಿತು. ಉತ್ತರವಿಲ್ಲ. ಟಪಾಲಿನವನನ್ನು ದಿನಾಲೂ ಕೇಳಿ ಕೇಳಿ ಅವನು ನಮ್ಮ ಓಣಿಯನ್ನೇ ಬಿಟ್ಟು ಹೋಗುತ್ತಿದ್ದಾನೆ. ಮುಂದಿನ ಸೋಮವಾರ ಹೊರಡುತ್ತೇನೆ. ಮಡಿ ನೀರಿಗೆ ಏನು ಮಾಡುತ್ತೀಯೋ ಮಾಡಿಕೊ.

ಇಂ.


ಸಣ್ಣಕೊಪ್ಪ
೧ ಸೆಪ್ಟೆಂಬರ್ ೧೯೫೭

ಅತ್ತೆಯವರಿಗೆ ನಮಸ್ಕಾರಗಳು.

ಹೊರಡಬೇಡಿರಿ. ಹೇಳಿ ಆಯಿತು. ಹೇಳಿ ಆಯಿತು ಅನ್ನುವುದೂ ಸುಳ್ಳೇ. ಕ್ರಮವಾಗಿ ಬರೆಯುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ಎರಡು ವಾರ ನನಗೆ ಧೈರ್ಯ ಬರಲಿಲ್ಲ. ಹೋದ ಮಂಗಳವಾರ ಶಾಲೆ ಬಿಟ್ಟ ಮೇಲೆ ಹೊಳೆವ್ವನನ್ನು ನಿಲ್ಲಿಸಿಕೊಂಡೆ. ಏನೇನೋ ಜೋಡಿಸಿಟ್ಟುಕೊಂಡಿದ್ದೆ. "ಹೊಳೆವ್ವಾ, ನಿಮ್ಮ ಅವ್ವ..." ಎಂದೆ ಅಷ್ಟೇ.

"ಗೊತ್ತೈತ್ರಿ," ಎಂದಳು.

ಅವಳೇ ಹೇಳಿದಳು. "ಜ್ವಾಳದ ಗಡಗ್ಯಾಗ ಅವ್ವನ ಬೆಂಡ್ವಾಲಿ ಇದ್ದುವ್ರಿ. ಅಪ್ಪ ಬಚ್ಚಿಟ್ಟಿದ್ದ. ಅವ್ವ ಕಿವ್ಯಾಗಿನ ಬೆಂಡ್ವಾಲಿ ಎಂದೂ ಬಿಚ್ಚಿದಾಕಿ ಅಲ್ರಿ. ಕಾರಹುಣ್ಣಿವಿ ಆಗಿ ಎಂಟ ದಿನಕ್ಕ ಸಿಕ್ಕಿದ್ದುವ್ರಿ."

ಅಂದರೆ ನನ್ನ ಮೊದಲ ಪತ್ರಕ್ಕಿಂತ ಮೊದಲೇ. ನಾನು ಬೆರಳು ನೋಯುವ ಹಾಗೆ ಅಕ್ಷರ ಬದಲಿಸಿ ಬರೆದದ್ದನ್ನೆಲ್ಲ ಅವಳು ಗೊತ್ತಿದ್ದೇ ಓದಿದ್ದಳು. "ಮತ್ತ ಉತ್ತರಾ ಯಾಕ ಬರದಿ?" ಎಂದು ಕೇಳಿದೆ.

"ಓದಿ ಹೇಳುಮುಂದ ಅಪ್ಪ ನಗತಿದ್ದರಿ. ಅವತ್ತ ಉಣತಿದ್ದ. ನೀವೂ ನಗತಿದ್ರಿ."

ನಾವು ಅವಳನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಅತ್ತೆ, ಎರಡು ತಿಂಗಳಿಗೂ ಹೆಚ್ಚು ಕಾಲ ಆ ಎಂಟು ವರ್ಷದ ಹುಡುಗಿ ನಮ್ಮಿಬ್ಬರನ್ನು ಕಾದಿದ್ದಾಳೆ. ನಾನು ಟ್ರೇನಿಂಗ್ ಕಾಲೇಜಿನಲ್ಲಿ ಮೊದಲ ನಂಬರಿನಲ್ಲಿ ಪಾಸಾದವನು. ನನ್ನ ಮುಖಕ್ಕೆ ಯಾರಾದರೂ ಉಗುಳಬೇಕಿತ್ತು.

ಅಲ್ಲಿಯವರೆಗೂ ಅವಳು ಅಳಲಿಲ್ಲ. ಆಮೇಲೆ ಒಮ್ಮೆಗೇ ಸಿಟ್ಟಿಗೆದ್ದಳು. ಮಾಸ್ತರ ಎಂಬುದನ್ನು ನೋಡಲಿಲ್ಲ. "ಫಕ್ಕೀರವ್ವಾಯಿ ಮನಿ ಮುಂದ ನಾ ಹಾಡೇನ್ರಿ. ಅದಕಿಂತ ಮೊದಲ ಎಲ್ಲಾರ ಮನಿ ಮುಂದೂ ಹಾಡೇನಿ. ನಮ್ಮವ್ವ ಸತ್ತ ಕೂಡ್ಲೆ ಹಾಡ ಬಿಡಿಸಿ ಮೊಲದಂಗ ಕುಣೀರಿ ಅಂದ್ರಿ. ನಮ್ಮವ್ವ ಏನ ತಪ್ಪ ಮಾಡಿದ್ಲ್ರಿ? ಆಕಿಗೆ ಯಾಕ ಹಾಡಸಲಿಲ್ಲ?"

ಹುಡುಗಿ ಇಷ್ಟು ದಿನ ಕೈ ಕಟ್ಟಿಕೊಂಡು ನಿಂತದ್ದು ಯಾಕೆಂದು ಆಗ ತಿಳಿಯಿತು. ನಾನು ಅದನ್ನು ಹಟವೆಂದು ನಿಮಗೆ ಬರೆದಿದ್ದೆ. ತಾಯಿ ಏನೋ ತಪ್ಪು ಮಾಡಿದ್ದರಿಂದ ಊರು ಅವಳಿಗೆ ಹಾಡಲಿಲ್ಲ ಎಂದು ಆ ಕೂಸು ನಂಬಿಕೊಂಡು, ಅದನ್ನು ಯಾರಿಗೂ ಹೇಳದೆ, ಹರಿದ ರೊಟ್ಟಿ ಬಡಿದುಕೊಂಡು ದಿನ ದೂಡಿದೆ. ಅವಳ ಎದುರು ನಾನೇ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಮಾಡದಿದ್ದದ್ದು ಒಳ್ಳೆಯದಾಯಿತು.

ಅವಳ ಜೊತೆಗೇ ಮನೆಗೆ ಹೋದೆ. ವಿಷಯ ಕೇಳಿ ಹೊಳಬಸಪ್ಪ ನನ್ನ ಮೇಲೆ ಏರಿ ಬಂದ. "ಸಣ್ಣ ಕೂಸಿಗೆ ಹೇಳಿದ್ರೇನ್ರಿ? ನಿಮ್ಮನ್ನ ನಂಬಿದ್ದೆ!" ಎಂದು ಕೂಗಿದ. ಹೊಳೆವ್ವ ಒಳಗೆ ಹೋಗಿ ಬೆಂಡೋಲೆಗಳನ್ನು ತಂದು ಅವನ ಅಂಗೈಯಲ್ಲಿಟ್ಟಳು. ಅವನು ಅವನ್ನು ನೋಡಿದ, ಅವಳನ್ನು ನೋಡಿದ, ಕಟ್ಟೆಗೆ ಕುಸಿದು ಕುಳಿತ. ಹೆಂಡತಿಯನ್ನು ಮಣ್ಣು ಮಾಡಿ ಬಂದಂದಿನಿಂದ ಅವನೂ ಮನೆಯಲ್ಲಿ ಬಾಯಿ ಬಿಟ್ಟು ಅತ್ತಿರಲಿಲ್ಲವಂತೆ, ಮಗಳಿಗೆ ತಿಳಿದೀತೆಂದು.

ಗುರುವಾರ ಬೆಳಿಗ್ಗೆ ಹುಡುಗರನ್ನು ಕರೆದುಕೊಂಡು ಹೋದೆ. ಸಣ್ಣವರು ಬೇಡವೆಂದೆ. ದೊಡ್ಡವರಲ್ಲೂ ಬರುವವರು ಬರಲಿ, ಒತ್ತಾಯವಿಲ್ಲ ಎಂದೆ. ಹನ್ನೆರಡು ಜನ ಬಂದರು. ಹಾಡಿಗೆ ಮುಂದಾಳು ಯಾವಾಗಲೂ ಹೊಳೆವ್ವ, ಅದಕ್ಕೆ ಅವಳನ್ನು ಕರೆದೆ. ಅವಳು ತಲೆ ಅಲ್ಲಾಡಿಸಿದಳು. "ಇವತ್ತ ನಾ ಹಾಡಾಂಗಿಲ್ರಿ. ಇದು ನಮ್ಮ ಮನಿ. ನಾ ಕುಂತು ಕೇಳ್ತೇನಿ," ಎಂದು ಅಪ್ಪನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಅವಳಿಲ್ಲದೆ ಹಾಡು ಅಲ್ಲಲ್ಲಿ ಶ್ರುತಿ ತಪ್ಪಿತು. ಎರಡನೇ ಸಾಲಿಗೆ ಅವಳು ಅಪ್ಪನ ತೊಡೆಯ ಮೇಲೆ ಮುಖ ಇಟ್ಟು ಅಳಲು ಶುರುಮಾಡಿದಳು. ಓಣಿಯ ಅಡಿವೆವ್ವ ಎತ್ತಿಕೊಳ್ಳಲು ಬಂದಳು. ಹೊಳಬಸಪ್ಪ ಬೇಡವೆಂದು ಕೈ ಮಾಡಿದ.

ಹಾಡು ಕಟ್ಟಿದವರು ಯಾರೆಂದು ಹೊಳೆವ್ವ ಕೇಳಿದಳು. ಹೇಳಿ ನಿಮ್ಮ ವಿಳಾಸ ಕೊಟ್ಟಿದ್ದೇನೆ.

ವಿಠ್ಠಲ


ಸವಣೂರು
೭ ಸೆಪ್ಟೆಂಬರ್ ೧೯೫೭

ಚಿರಂಜೀವಿ ವಿಠ್ಠಲನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ನಿನ್ನ ಅಪ್ಪನಿಗೆ ಓದಿ ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. ಪಂಢರಪುರದ ಮಾತನ್ನೂ ತೆಗೆದೆ. ನೀನು ಯಾಕೆ ಹಾಗೆ ಮಾಡಿದೆ ಎಂದು ಐವತ್ತು ವರ್ಷ ಹಿಡಿದಿಟ್ಟುಕೊಂಡದ್ದನ್ನೆಲ್ಲ ಅವನ ಮೇಲೆ ಸುರಿದೆ. ಅವನು ಮೊಣಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದ. ಕೊನೆಗೆ, "ಇಂದ್ರಾ, ಹಂಗ ಹೇಳು ಅಂತ ಹಿರಿಯರು ನಂಗ ಹೇಳಿಕೊಟ್ರು. ನಂಗೂ ಆಗ ಹದಿನಾಲ್ಕ ವರ್ಷ. ನಿನ್ನ ಮುಂದ ಅಳಬಾರದಂತ ದನದ ಕೊಟ್ಟಿಗಿಗೆ ಹೋಗಿ ಅಳತಿದ್ದೆ," ಎಂದ.

ನನ್ನ ಸಿಟ್ಟನ್ನು ಎಲ್ಲಿ ಇಡಬೇಕೋ ಈಗ ತಿಳಿಯುವುದಿಲ್ಲ. ಅವನ ಮೇಲಂತೂ ಇಡಲಾರೆ. ಅವನೂ ಕೂಸೇ ಆಗಿದ್ದ ಎಂಬುದು ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ.

ಮೊಲದ ಹಾಡನ್ನೂ ಕಲಿಸು. ನಾನು ಬೇಡವೆನ್ನುವುದಿಲ್ಲ. ಚಂದ್ರಪ್ಪನಿಗೆ ಅದು ಬೇಕು.

ಇಂದಿರಾ ಅತ್ತೆ


ಸಣ್ಣಕೊಪ್ಪ
೧೭ ಅಕ್ಟೋಬರ ೧೯೫೭

ಇಂದಿರಾಬಾಯಿ ಅಜ್ಜಿಗೆ ಹೊಳೆವ್ವ ಮಾಡುವ ಶರಣು.

ನಾ ಚಲೋ ಇದ್ದೇನಿ. ಇದನ್ನ ನಾನ ಬರದೇನಿ. ಮಾಸ್ತರ್ರ ತಿದ್ದಿಲ್ಲ.

ದಸರಾದಾಗ ಅಪ್ಪ ಹೋಗಿ ತಂಗಿನ್ನ ಕರಕೊಂಡು ಬಂದಾನ. ನಾಕ ತಿಂಗಳ ಆಗೇತಿ. ಎಮ್ಮಿ ಹಾಲು ಕುಡೀತೈತಿ. ನನ್ನ ಕೈ ಬಟ್ಟು ಹಿಡಕೊಂಡ್ರ ಬಿಡಾಂಗಿಲ್ಲ. ಅಪ್ಪ ತಿಪ್ಪವ್ವ ಅಂತನ ಹೆಸರ ಇಟ್ಟಾನ.

ನಿನ್ನೆ ಕೂಸು ಭಾಳ ಅಳಾಕತ್ತಿತ್ತು. ಅಡಿವೆವ್ವಾಯಿ ತೊಡಿ ಮ್ಯಾಲ ಹಾಕ್ಕೊಂಡು, ಸುಮ್ಮನಿರು, ನಿಮ್ಮವ್ವ ಊರಿಗೆ ಹೋಗ್ಯಾಳ, ಈಗ ಬರ್ತಾಳ ಅಂದ್ಲು. ನನಗ ಸಿಟ್ಟ ಬಂತು. ಕೂಸಿನ್ನ ಕಸಗೊಂಡು ಒಳಗ ಬಂದೆ. ದೊಡ್ಡವರಿಗೆ ಹಂಗ ಮಾಡಬಾರದು ಅಂತ ಅಪ್ಪ ಅಂದ. ನಾ ಕೇಳಲಿಲ್ಲ.

ಅಜ್ಜಿ, ಆಕಿಗೆ ಇನ್ನ ಮಾತ ತಿಳ್ಯಾಂಗಿಲ್ಲ. ತಿಳಿದ ಮ್ಯಾಲ ಅವ್ವ ಎಲ್ಲಿ ಅಂತ ಕೇಳ್ತಾಳ. ಅಪ್ಪಗೂ ಹೇಳೇನಿ, ಮಾಸ್ತರ್ರಿಗೂ ಹೇಳೇನಿ, ಅಡಿವೆವ್ವಾಯಿಗೂ ಹೇಳೇನಿ. ನೀವ್ಯಾರೂ ಆಕಿಗೆ ಏನೂ ಹೇಳಬ್ಯಾಡ್ರಿ. ನಿಮಗ ಹೇಳಾಕ ಬರಾಂಗಿಲ್ಲ. ಆಕಿ ಕೇಳಿದ ದಿನಾ ನಾನ ಹೇಳ್ತೇನಿ.

ಹೊಳೆವ್ವ
ಮೂರನೇ ಇಯತ್ತೆ